ಮಾಳಿಗಿ ಇಲ್ಲದ ಮೋಟಾರು

ಬಶೀರಾಬಾದಿನಲ್ಲಿ ರೈಲು ಹತ್ತಿ ತಾಂಡೂರು ದಾಟುವಷ್ಟರಲ್ಲಿ ನಮ್ಮ ಕಾಕಾ ಹಳೆಯ ಕಾಲಕ್ಕೆ ಹೋಗಿಬಿಡುತ್ತಾರೆ. ತಾಂಡೂರು ತಾಲ್ಲೂಕು 1956ರವರೆಗೆ ಗುಲ್ಬರ್ಗಾ ಜಿಲ್ಲೆಯಲ್ಲಿತ್ತು, ನಾವೆಲ್ಲ ನಿಜಾಮರ ಸೀಮೆಯ ಕನ್ನಡಿಗರು ಎಂದು ಶುರುವಾದ ಅವರ ಮಾತು ಹೈದರಾಬಾದಿನ ಚೌಮಹಲ್ಲಾ ಅರಮನೆಯಲ್ಲಿ, ಕಾರುಗಳ ಸಾಲಿನ ಮುಂದೆ ನಿಂತಿತು.

ಎಲ್ಲರ ಕಣ್ಣೂ 1912ರ ಹಳದಿ ರೋಲ್ಸ್‌ರಾಯ್ಸ್ ಮೇಲೆ. 6ನೇ ನಿಜಾಮ ಮಹಬೂಬ್ ಅಲಿ ಖಾನರಿಗಾಗಿ ತಯಾರಾದ ಕಾರು ಅದು. ಅದು ಬರುವ ಮೊದಲೇ, 1911ರಲ್ಲಿ ಅವರು ತೀರಿಕೊಂಡಿದ್ದರು. ಕಾಕಾ ಮಾತ್ರ ಅಮೆರಿಕದ ಬ್ಯೂಕ್ ಕನ್ವರ್ಟಿಬಲ್ ಬಿಟ್ಟು ಕದಲಲಿಲ್ಲ.

"ಇದಕ ಮಾಳಿಗಿನೇ ಇಲ್ಲಲ್ಲೋ ತಮ್ಮಾ!"

"ಅದು ಬಟ್ಟೆದ್ದು ಇರ್ತದ ಕಾಕಾ, ಹಿಂದಕ್ಕ ಮಡಚತಾರ."

"ಅಂದ್ರ ಸೈಕಲ್ ರಿಕ್ಷಾದ ಟಾಪ್ ಇದ್ದಂಗ."

ಸರಿಯಾದ ಮಾತು. ಆದರೆ ರಿಕ್ಷಾಕ್ಕಿಲ್ಲದ ಒಂದು ಕಷ್ಟ ಕಾರಿಗಿದೆ. ಮನೆಯ ಗೋಡೆಗಳನ್ನು ಮಾಳಿಗೆ ಬಿಗಿಹಿಡಿಯುವಂತೆ ಕಾರಿನ ಮೈಯನ್ನು ತಗಡಿನ ಚಾವಣಿ ಹಿಡಿದಿರುತ್ತದೆ. ಅದನ್ನು ತೆಗೆದರೆ ಮೈ ತಿರುಚಿಕೊಳ್ಳುತ್ತದೆ. ಅದಕ್ಕೇ ಕೆಳಗಿನ ಚಾಸಿಗೆ ಹೆಚ್ಚಿನ ಕಬ್ಬಿಣ ಕೊಟ್ಟು ಗಟ್ಟಿ ಮಾಡುತ್ತಾರೆ; ಚಾವಣಿ ಹೋದರೂ ತೂಕ ಏರುತ್ತದೆ. ಮಳೆನೀರು ಒಳಗಿಳಿದರೆ ಮೊದಲು ತುಕ್ಕು ಹಿಡಿಯುವುದೂ ಆ ತಳವೇ. ಇಂಥ ಕಾರು ಕೊಳ್ಳುವವರು ಬಣ್ಣ, ಕ್ರೋಮಿನ ಹೊಳಪು ನೋಡುವ ಮೊದಲು ಬಗ್ಗಿ ತಳ ನೋಡಬೇಕು.

ಇನ್ನು ಬಿಡಿಭಾಗದ ಮಾತು. ಬ್ಯೂಕ್ ತಯಾರಿಸುವ ಜನರಲ್ ಮೋಟರ್ಸ್ 1928ರಲ್ಲಿ ಮುಂಬಯಿಯ ಶಿವಡಿಯಲ್ಲಿ ಕಾರು ಜೋಡಿಸಲು ಶುರುಮಾಡಿ 1954ರಲ್ಲಿ ನಿಲ್ಲಿಸಿತು. ಆಮೇಲೆ ಅಮೆರಿಕದ ಕಾರುಗಳಿಗೆ ಸಾಮಾನು ಸಿಗುವುದು ದುರ್ಲಭವಾಯಿತು. ಅವು ಉಳಿದದ್ದು ನಮ್ಮ ಉಸ್ತಾದರ ಕೈಯಲ್ಲಿ: ಲೇತಿನಲ್ಲಿ ಬುಷ್ ಕಡೆದವರು, ಸುತ್ತಿಗೆಯಿಂದ ಮಡ್‌ಗಾರ್ಡಿನ ದುಂಡು ಎಬ್ಬಿಸಿದವರು, ಟಾಪಿನ ಬಟ್ಟೆಯನ್ನು ಸುಕ್ಕಿಲ್ಲದೆ ಹೊಲಿದವರು. ಶ್ರೀರಂಗಪಟ್ಟಣದ ಬಳಿ ಡಿ. ವೀರೇಂದ್ರ ಹೆಗ್ಗಡೆಯವರ ಸಂಗ್ರಹವಿರುವ 'ಪಯಣ' ಮ್ಯೂಸಿಯಮ್ಮಿನ ಹಳೆಯ ಕಾರುಗಳನ್ನು ನೋಡುವಾಗಲೂ ನನಗೆ ನೆನಪಾಗುವುದು ಇಂಥ ಕೈಗಳೇ.

2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿತು. ವಾಹನಕ್ಕೆ 50 ವರ್ಷ ದಾಟಿರಬೇಕು, ಮೂಲರೂಪ ಕೆಟ್ಟಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ; ನಂಬರಿನಲ್ಲಿ 'ವಿಎ' ಅಕ್ಷರ. ಮೂಲರೂಪದ ಷರತ್ತು ನನಗೆ ತುಂಬ ಹಿಡಿಸಿತು. ಹಳೆಯ ಕಾರಿಗೆ ಹೊಸ ಎಂಜಿನ್ನು ಕೂರಿಸಿ ಬಣ್ಣ ಬಳಿದರೆ ಅದು ಜೀರ್ಣೋದ್ಧಾರವಲ್ಲ. ಮೊದಲು ಮಾಡಿದವನ ಕೆಲಸ ಎದ್ದು ಕಾಣುವಂತೆ, ಕೆಟ್ಟದ್ದನ್ನಷ್ಟೇ ಸರಿಪಡಿಸುವುದು ಜೀರ್ಣೋದ್ಧಾರ.

ನಿಮ್ಮೂರಿನ ಯಾವುದಾದರೂ ಹಳೆಯ ವಾಡೆಯಲ್ಲಿ ಅಂಥ ಮೋಟಾರು ಧೂಳು ತಿನ್ನುತ್ತಿದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಅದನ್ನು ಬಿಚ್ಚಿ ಜೋಡಿಸಬಲ್ಲ ಉಸ್ತಾದರಿದ್ದರೆ, ಅವರ ಕೆಲಸವನ್ನು ಇವತ್ತೇ ಒಬ್ಬ ಹುಡುಗ ಪಕ್ಕದಲ್ಲಿ ಕೂತು ಕಲಿಯಲಿ.