ಹತ್ತನೇ ತಂತಿ, ಹನ್ನೆರಡನೇ ತಂತಿ

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ನಾನು ಕೆಲಸ ಕಲಿಯುವಾಗ ಫ್ಲಾಪಿ ಡ್ರೈವ್ ದುಬಾರಿ ಸಾಮಾನು. ಕೆಟ್ಟರೆ ಬಿಸಾಡುವ ಮಾತೇ ಇರಲಿಲ್ಲ. ಬೆಲ್ಟ್ ಬದಲಿಸುತ್ತಿದ್ದೆವು, ಹತ್ತಿಗೆ ಸ್ಪಿರಿಟ್ ಹಚ್ಚಿ ಹೆಡ್ ಒರೆಸುತ್ತಿದ್ದೆವು. ಅದೂ ಸಾಲದಿದ್ದರೆ ಅಲೈನ್‌ಮೆಂಟ್ ಡಿಸ್ಕ್ ಹಾಕಿ, ಆಸಿಲೋಸ್ಕೋಪಿನಲ್ಲಿ ಮೂಡುವ ಎರಡು ಉಬ್ಬುಗಳು ಸಮ ಆಗುವವರೆಗೆ ಹೆಡ್ಡಿನ ಮೋಟಾರನ್ನು ಕೂದಲೆಳೆಯಷ್ಟು ಸರಿಸುತ್ತಿದ್ದೆವು. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಆ ವಿದ್ಯೆಗೆ ಗಿರಾಕಿಯೇ ಇಲ್ಲವಾದ. ಪಿಸಿಯ 1.44 ಎಂಬಿ ಡ್ರೈವ್ ಅಗ್ಗವಾಯಿತು. ಹಳೆಯದನ್ನು ತೆಗೆದು ಹೊಸದನ್ನು ಸಿಕ್ಕಿಸುವುದೇ ರಿಪೇರಿ ಎನಿಸಿಕೊಂಡಿತು.

ಆದರೆ ಆ ಅಗ್ಗದ ಡ್ರೈವಿನಿಂದಲೇ ಎಷ್ಟೋ ಹಳೆಯ ಯಂತ್ರಗಳು ಬದುಕಿಕೊಂಡವು. 1984ರಲ್ಲಿ ಶುರುವಾದ ‘ಕ್ಲಾಸ್’ ಯೋಜನೆಯಲ್ಲಿ ನಮ್ಮ ಶಾಲೆಗಳಿಗೆ ಬ್ರಿಟನ್ನಿನ ಬಿಬಿಸಿ ಮೈಕ್ರೊ ಕಂಪ್ಯೂಟರುಗಳು ಬಂದಿದ್ದವು. ಮೆಮೊರಿ ಬರೀ 32 ಕೆಬಿ, ಆದರೂ ಪ್ರಯೋಗಶಾಲೆಯ ಸೆನ್ಸರುಗಳನ್ನು ನೇರವಾಗಿ ಜೋಡಿಸಬಹುದಾದ ಗಟ್ಟಿ ಯಂತ್ರ. ಅಂಥದ್ದೊಂದನ್ನು ಆಟೋದಲ್ಲಿ ಹಾಕಿಕೊಂಡು ಬಂದ ಭೌತಶಾಸ್ತ್ರದ ಮೇಷ್ಟ್ರು, “ಹುಡುಗರು ಬರೆದ ಪ್ರೋಗ್ರಾಮೆಲ್ಲ ಇದರಲ್ಲೇ ಇದೆ ಕಣ್ರೀ, ಹೇಗಾದರೂ ಉಳಿಸಿಕೊಡಿ” ಎಂದರು. ಅವರ 5.25 ಇಂಚಿನ ಡ್ರೈವ್ ಇನ್ನೂ ಓದುತ್ತಿತ್ತು, ಆದರೆ ಹೆಚ್ಚು ದಿನ ಬಾಳುವಂತಿರಲಿಲ್ಲ.

ಪಿಸಿ ಡ್ರೈವಿಗೂ ಬಿಬಿಸಿಗೂ ಇರುವುದು ಅದೇ 34 ಪಿನ್ನಿನ ಕನೆಕ್ಟರ್. ಡಿಸ್ಕ್ ತಿರುಗಿಸುವುದು, ಹೆಡ್ ಸರಿಸುವುದು, ಬಂದ ಸಂಕೇತವನ್ನು ದಾಟಿಸುವುದು, ಇಷ್ಟೇ ಡ್ರೈವಿನ ಕೆಲಸ. ದತ್ತಾಂಶವನ್ನು ಯಾವ ರೀತಿ ಬರೆಯಬೇಕೆಂಬುದು ಕಂಪ್ಯೂಟರಿನೊಳಗಿನ ಕಂಟ್ರೋಲರಿಗೆ ಸೇರಿದ್ದು. ತೊಡಕು ಇರುವುದು ಡ್ರೈವಿನ ನಂಬರಿನಲ್ಲಿ. ಐಬಿಎಂನವರು ಕೇಬಲ್ಲಿನ ಕೆಲವು ತಂತಿಗಳನ್ನು ತಿರುಚಿ, ಎರಡು ಡ್ರೈವುಗಳಿಗೂ ಒಂದೇ ನಂಬರ್ ಇಟ್ಟರೂ ಸಾಕೆನ್ನುವಂತೆ ಮಾಡಿದರು. ಆಮೇಲೆ ತಯಾರಕರು ನಂಬರ್ ಬದಲಿಸುವ ಜಂಪರನ್ನೇ ಕೈಬಿಟ್ಟರು. ಹಾಗಾಗಿ ಪಿಸಿ ಡ್ರೈವ್ ಯಾವಾಗಲೂ ‘ಡ್ರೈವ್ 1’. ಬಿಬಿಸಿ ಮೊದಲು ಹುಡುಕುವುದು ‘ಡ್ರೈವ್ 0’ಯನ್ನು.

ನಕಲು ಮಾಡುವಾಗ ಈ ತೊಡಕೇ ಅನುಕೂಲವಾಯಿತು. ತಿರುಚದ ನೇರ ಕೇಬಲ್ಲಿನಲ್ಲಿ ಹಳೆಯದು 0, ಹೊಸದು 1. ಮೇಷ್ಟ್ರ ಕಡತಗಳೆಲ್ಲ ಒಂದರಿಂದ ಇನ್ನೊಂದಕ್ಕೆ ಬಂದವು. ಆಮೇಲೆ ಹೊಸದನ್ನೇ 0 ಮಾಡಬೇಕಾಯಿತು. ರಿಬ್ಬನ್ ಕೇಬಲ್ಲಿನ ಕೆಂಪು ಅಂಚಿನಿಂದ ಎಣಿಸಿ, 10 ಮತ್ತು 12ನೇ ತಂತಿಗಳನ್ನು ಬ್ಲೇಡಿನಿಂದ ಬಿಡಿಸಿ, ಕತ್ತರಿಸಿ, ಅದಲುಬದಲು ಮಾಡಿ ಬೆಸುಗೆ ಹಾಕಿ, ಮೇಲೆ ಸ್ಲೀವ್ ಏರಿಸಿದೆ. ಬೆಸ ಸಂಖ್ಯೆಯ ತಂತಿಗಳೆಲ್ಲ ಗ್ರೌಂಡ್, ಅವನ್ನು ಮುಟ್ಟಬಾರದು. ಕನೆಕ್ಟರ್ ತಲೆಕೆಳಗಾದರೆ ಡ್ರೈವಿನ ದೀಪ ಆರದೆ ಉರಿಯುತ್ತಲೇ ಇರುತ್ತದೆ. ಕಲಿಯುವ ಹುಡುಗರಿಗೆ ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಕೆಲವರು ಡ್ರೈವಿನ ಬೋರ್ಡಿನ ಮೇಲೆಯೇ ಗೆರೆ ಕೆರೆದು ಬೆಸುಗೆ ಹಾಕುತ್ತಾರೆ. ನನಗದು ಒಪ್ಪಿಗೆಯಿಲ್ಲ. ಬದಲಾವಣೆ ಏನಿದ್ದರೂ ಕೇಬಲ್ಲಿನಲ್ಲೇ ಆಗಬೇಕು. ಮುಂದೆ ಯಂತ್ರ ಬಿಚ್ಚುವವನಿಗೆ ಅದು ಬಂದ ಹಾಗೆಯೇ ಸಿಗಬೇಕು. 1.44 ಡಿಸ್ಕನ್ನು 720 ಕೆಬಿಯದೆಂದು ಡ್ರೈವಿಗೆ ನಂಬಿಸಲು ಅದರ ಎರಡನೇ ತೂತಿಗೆ ಟೇಪ್ ಅಂಟಿಸುವುದನ್ನೂ ನಾನು ನೆಚ್ಚುವುದಿಲ್ಲ. ಅದರ ಕಾಂತೀಯ ಲೇಪವೇ ಬೇರೆ, ಬರೆದದ್ದು ನಿಲ್ಲುವ ಭರವಸೆಯಿಲ್ಲ. 720 ಕೆಬಿಯ ಡಿಸ್ಕನ್ನೇ ಹುಡುಕಬೇಕು.

ಆ ಹುಡುಕಾಟ ಈಗ ಕಷ್ಟ. ಸೋನಿ 2011ರಲ್ಲಿ ಫ್ಲಾಪಿ ಮಾರಾಟ ನಿಲ್ಲಿಸಿತು. ಇವತ್ತು ಗಿರಾಕಿಗಳು ಕೇಳುವುದು ಗೋಟೆಕ್ ಎಂಬ ಪೆಟ್ಟಿಗೆಯನ್ನು. ಅದೇ 34 ಪಿನ್ನಿಗೆ ಕೂರುತ್ತದೆ, ಡಿಸ್ಕಿನ ಬದಲು ಪೆನ್‌ಡ್ರೈವ್ ನುಂಗುತ್ತದೆ. ‘ಫ್ಲ್ಯಾಶ್‌ಫ್ಲಾಪಿ’ ಎಂಬ ಫರ್ಮ್‌ವೇರ್ ತುಂಬಿದರೆ ಬಿಬಿಸಿಯ 200 ಕೆಬಿಯ ಡಿಸ್ಕುಗಳನ್ನೂ ಓದುತ್ತದೆ. ಡ್ರೈವಿನ ನಂಬರ್ ಬದಲಿಸುವ ಜಂಪರ್ ಅದರ ಹಿಂದೆಯೇ ಇದೆ. 10 ಮತ್ತು 12ನೇ ತಂತಿಗಳನ್ನು ಕತ್ತರಿಸುವ ಕೆಲಸ ಉಳಿದಿಲ್ಲ.