ನಗೆಯ ಇಳಿಜಾರು

ಪ್ರತಿಯೊಂದು ಕಸುಬಿಗೂ ಅದರದೇ ಆದ ನಗೆಯಿರುತ್ತದೆ. ನೇಕಾರನ ನಗೆ ಎಳೆ ತಪ್ಪಿದ ಸೀರೆಯ ಸುತ್ತ ಹುಟ್ಟಿದರೆ, ಅಡುಗೆಯವನ ನಗೆ ಉಪ್ಪು ಮರೆತ ಸಾರಿನ ಸುತ್ತ ಹುಟ್ಟುತ್ತದೆ. ಕಸುಬಿನ ದಣಿವನ್ನು ಕಸುಬಿನ ಮಾತಿನಿಂದಲೇ ಇಳಿಸಿಕೊಳ್ಳುವ ಈ ಪದ್ಧತಿಯಲ್ಲಿ ದೋಷವೇನೂ ಇಲ್ಲ. ಆದರೆ ನಗೆಯೂ ನೀರಿನಂತೆ ಇಳಿಜಾರು ಕಂಡತ್ತ ಹರಿಯುವ ಸ್ವಭಾವದ್ದು. ಎತ್ತರದಲ್ಲಿ ನಿಂತವನಿಗೆ ಅದು ತನ್ನ ಕಾಲಬುಡದಿಂದ ಹರಿದುಹೋದದ್ದಷ್ಟೇ ಕಾಣುತ್ತದೆ. ತಗ್ಗಿನಲ್ಲಿರುವವರ ಹೊಸ್ತಿಲನ್ನು ದಾಟಿ ಒಳಗೆ ಹೊಕ್ಕದ್ದು ಕಾಣುವುದಿಲ್ಲ. ಬೆಂಗಳೂರಿನ ತಂತ್ರಾಂಶ ಸಂಸ್ಥೆಯೊಂದರ ಹಿರಿಯ ಎಂಜಿನಿಯರೊಬ್ಬರು ಈ ಮಾತಿನ ನಿಜವನ್ನು ಬಹಳ ತಡವಾಗಿ ಕಂಡುಕೊಂಡರು.

ಅವರು ಹಾಸನ ಜಿಲ್ಲೆಯ ಹಳ್ಳಿಯೊಂದರಿಂದ ಬಂದವರು, ಪ್ರಾಥಮಿಕ ಶಾಲೆಯ ಮೇಷ್ಟ್ರ ಮಗ. ಇಪ್ಪತ್ತು ವರ್ಷಗಳ ಅನುಭವ, ಚುರುಕು ಬುದ್ಧಿ, ಅದಕ್ಕಿಂತಲೂ ಚುರುಕಾದ ನಾಲಿಗೆ. ಸಂಜೆ ನಾಲ್ಕು ಗಂಟೆಯ ಚಹಾದ ವೇಳೆಗೆ ಕಿರಿಯರೆಲ್ಲ ತಾವಾಗಿಯೇ ಅವರ ಸುತ್ತ ಸೇರುತ್ತಿದ್ದರು. ಆ ದಿನದ ತಂತ್ರಜ್ಞಾನದ ಸುದ್ದಿ ಯಾವುದಿರಲಿ, ಅದರೊಳಗಿನ ವಿನೋದವನ್ನು ಎಳೆದು ತೋರಿಸುವ ಕಲೆ ಅವರಿಗೆ ಕರಗತವಾಗಿತ್ತು.

ಅವರಿಗೆ ಬಹು ಪ್ರಿಯವಾದದ್ದು ಪಾರಿವಾಳದ ಕಥೆ. ಅಂತರ್ಜಾಲದ ನಿಯಮಗಳನ್ನು ಪ್ರಕಟಿಸುವ ಗಂಭೀರವಾದ ದಾಖಲೆಗಳ ಸಾಲಿನಲ್ಲಿ 1990ರ ಏಪ್ರಿಲ್ 1ರಂದು ಒಂದು ವಿಲಕ್ಷಣ ದಾಖಲೆ ಸೇರಿತು. ಕಂಪ್ಯೂಟರುಗಳ ನಡುವಣ ಸಂದೇಶಗಳನ್ನು ಪಾರಿವಾಳಗಳ ಕಾಲಿಗೆ ಕಟ್ಟಿ ಕಳುಹಿಸುವ ಕ್ರಮವನ್ನು ಅದು ಸರ್ಕಾರಿ ಸುತ್ತೋಲೆಯ ಗಾಂಭೀರ್ಯದಿಂದ ವಿವರಿಸುತ್ತಿತ್ತು. 2001ರಲ್ಲಿ ನಾರ್ವೆಯ ಬೆರ್ಗೆನ್ ನಗರದ ಉತ್ಸಾಹಿಗಳು ಅದನ್ನು ನಿಜವಾಗಿಯೂ ಪ್ರಯೋಗಿಸಿದರು. ಕಳುಹಿಸಿದ ಸಂದೇಶಗಳು 9, ಬಂದ ಉತ್ತರಗಳು 4. ಪ್ರತಿಯೊಂದು ಉತ್ತರಕ್ಕೂ ಸುಮಾರು ಒಂದರಿಂದ ಒಂದೂಮುಕ್ಕಾಲು ಗಂಟೆಯವರೆಗೆ ಕಾಯಬೇಕಾಯಿತು. "ನಮ್ಮ ಕಚೇರಿಯ ವೈಫೈಗಿಂತ ವಾಸಿ" ಎಂದು ಆ ಹಿರಿಯರು ಮುಗಿಸಿದಾಗ ಚಹಾದ ಲೋಟಗಳು ತುಳುಕುತ್ತಿದ್ದವು.

ಕಚೇರಿಯ ಅಭ್ಯಾಸಗಳ ಮೇಲಿನ ನಗೆಯೂ ಇಂಥದ್ದೇ. ಬರೆದ ಪ್ರೋಗ್ರಾಮನ್ನು ಯಂತ್ರವು ತನ್ನ ಭಾಷೆಗೆ ಮಾರ್ಪಡಿಸಿಕೊಳ್ಳುವವರೆಗೆ ಕೈಕಟ್ಟಿ ಕೂರಬೇಕಾಗುತ್ತದೆ. ಆ ಬಿಡುವಿನಲ್ಲಿ ಗಾಲಿಕುರ್ಚಿಗಳ ಮೇಲೆ ಕತ್ತಿವರಸೆಯಾಡುವ ಇಬ್ಬರ ವ್ಯಂಗ್ಯಚಿತ್ರವೊಂದನ್ನು ಅಮೆರಿಕದ ರ್‍ಯಾಂಡಲ್ ಮನ್ರೋ 2007ರಲ್ಲಿ ರಚಿಸಿದರು; ಅದು ಈ ಕಸುಬಿನವರ ನಡುವೆ ಬಹಳ ಜನಪ್ರಿಯವಾಯಿತು. ಶುಕ್ರವಾರ ಹೊಸದೇನನ್ನೂ ಬಿಡುಗಡೆ ಮಾಡಬಾರದೆಂಬುದು ಈ ಕಸುಬಿನವರ ಇನ್ನೊಂದು ಹಳೆಯ ವಿನೋದ. 2024ರ ಜುಲೈ 19ರಂದು, ಅದೂ ಶುಕ್ರವಾರವೇ, ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಂಸ್ಥೆಯ ದೋಷಯುಕ್ತ ಅಪ್‌ಡೇಟೊಂದು ಜಗತ್ತಿನಾದ್ಯಂತ ಸುಮಾರು 85 ಲಕ್ಷ ಕಂಪ್ಯೂಟರುಗಳನ್ನು ಕೆಡವಿತು. ನಮ್ಮ ದೇಶದ ಕೆಲವು ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದುಕೊಡಬೇಕಾಯಿತು. ಆಗ ಬೆಲ್ಜಿಯಂನ ವಿಡಂಬನಕಾರನೊಬ್ಬ, ತಾನು ಅಂದೇ ಆ ಸಂಸ್ಥೆಗೆ ಸೇರಿ ಒಂದು ಸಣ್ಣ ಅಪ್‌ಡೇಟನ್ನು ಕಳುಹಿಸಿರುವುದಾಗಿ ಕೃತಕ ಚಿತ್ರದೊಡನೆ ಸಾರಿದ. ಅನೇಕರು ಅದನ್ನು ನಿಜವೆಂದೇ ನಂಬಿದರು.

ಉದ್ಯೋಗಕ್ಕೆ ಆರಿಸುವ ಪದ್ಧತಿಯಂತೂ ಈ ನಗೆಗೆ ಅಕ್ಷಯಪಾತ್ರೆ. ಫಾಸ್ಟ್‌ಎಪಿಐ ಎಂಬ ಸಾಧನವನ್ನು ನಿರ್ಮಿಸಿದ ಸೆಬಾಸ್ಟಿಯನ್ ರಮಿರೆಜ್ 2020ರಲ್ಲಿ ಒಂದು ಉದ್ಯೋಗದ ಜಾಹೀರಾತನ್ನು ಕಂಡರು. ಅದು ಆ ಸಾಧನದಲ್ಲಿ ನಾಲ್ಕು ವರ್ಷಗಳಿಗೂ ಹೆಚ್ಚಿನ ಅನುಭವವನ್ನು ಬಯಸಿತ್ತು. ಅವರು ಅದನ್ನು ನಿರ್ಮಿಸಿ ಒಂದೂವರೆ ವರ್ಷವಷ್ಟೇ ಆಗಿತ್ತು. ನಿರ್ಮಾತೃವಿಗೇ ಅರ್ಹತೆಯಿಲ್ಲ! ಹೋಮ್‌ಬ್ರೂ ಎಂಬ ಜನಪ್ರಿಯ ಸಾಧನದ ಕರ್ತೃವಾದ ಮ್ಯಾಕ್ಸ್ ಹೋವೆಲ್ ಗೂಗಲ್‌ನ ಸಂದರ್ಶನದಲ್ಲಿ ತೇರ್ಗಡೆಯಾಗಲಿಲ್ಲವೆಂದು 2015ರಲ್ಲಿ ಹೇಳಿಕೊಂಡದ್ದೂ ಮನೆಮಾತಾಯಿತು. ಒಗಟಿನಂಥ ಪ್ರಶ್ನೆಗಳಿಂದ ಪ್ರಯೋಜನವಿಲ್ಲವೆಂದು ಅದೇ ಸಂಸ್ಥೆಯ ಸಿಬ್ಬಂದಿ ವಿಭಾಗದ ಮುಖ್ಯಸ್ಥರಾಗಿದ್ದ ಲಾಸ್ಲೊ ಬಾಕ್ 2013ರಲ್ಲಿಯೇ ಒಪ್ಪಿಕೊಂಡಿದ್ದರು.

ಇಷ್ಟರವರೆಗಿನ ನಗೆಯನ್ನು ಓದುಗರು ಪರಿಶೀಲಿಸಿ ನೋಡಬೇಕು. ಪಾರಿವಾಳದ ದಾಖಲೆ ತನ್ನ ಕಸುಬಿನ ಅತಿಗಾಂಭೀರ್ಯವನ್ನು ತಾನೇ ನಕ್ಕಿತು. ಬೆಲ್ಜಿಯಂನ ವಿನೋದಿ ಅಪರಾಧಿಯ ಸ್ಥಾನದಲ್ಲಿ ತನ್ನನ್ನೇ ನಿಲ್ಲಿಸಿಕೊಂಡ. ರಮಿರೆಜ್ ಅವರ ನಗೆ ವಿವೇಚನೆಯಿಲ್ಲದ ಜಾಹೀರಾತಿನತ್ತ, ಅಂದರೆ ಬಲವುಳ್ಳವರತ್ತ ತಿರುಗಿತ್ತು. ಇವು ಯಾವುವೂ ತಗ್ಗಿಗೆ ಹರಿದ ನಗೆಗಳಲ್ಲ. ಆದರೆ ಆ ಹಿರಿಯರ ಸಂಚಿಯಲ್ಲಿ ಇನ್ನೊಂದು ಕಥೆಯಿತ್ತು. ಅದರ ಹೆಸರು 'ಹದಿನೈದು'.

ಇಂಗ್ಲೆಂಡಿನ ಮಕ್ಕಳ ಎಣಿಕೆಯಾಟವೊಂದನ್ನು ಆಧರಿಸಿದ ಸಣ್ಣ ಪರೀಕ್ಷೆಯೊಂದು 2007ರಿಂದ ಈ ಕ್ಷೇತ್ರದಲ್ಲಿ ಪ್ರಸಿದ್ಧವಾಗಿದೆ. ಒಂದರಿಂದ ನೂರರವರೆಗೆ ಎಣಿಸಬೇಕು; ಮೂರರಿಂದ ಭಾಗವಾಗುವ ಸಂಖ್ಯೆ ಬಂದರೆ 'ಫಿಜ್' ಎನ್ನಬೇಕು, ಐದರಿಂದ ಭಾಗವಾದರೆ 'ಬಜ್', ಎರಡರಿಂದಲೂ ಭಾಗವಾದರೆ 'ಫಿಜ್‌ಬಜ್'. ಇದನ್ನು ಮಾಡುವ ಪ್ರೋಗ್ರಾಮನ್ನು ಅಭ್ಯರ್ಥಿಯು ಬೋರ್ಡಿನ ಮೇಲೆ ಬರೆಯಬೇಕು. ಕೆಲವು ವರ್ಷಗಳ ಹಿಂದೆ ತರುಣಿಯೊಬ್ಬಳು ಆ ಹಿರಿಯರ ಮುಂದೆ ಇದನ್ನು ಬರೆದಳು. ಮೊದಲು ಮೂರನ್ನು ಪರೀಕ್ಷಿಸಿದಳು, 'ಇಲ್ಲವಾದರೆ' ಐದನ್ನು, 'ಅದೂ ಇಲ್ಲವಾದರೆ' ಎರಡನ್ನೂ. ಈ ಕ್ರಮದಲ್ಲಿ ಹದಿನೈದು ಬಂದರೆ ಮೊದಲ ಬಾಗಿಲಿನಲ್ಲಿಯೇ 'ಫಿಜ್' ಎನಿಸಿಕೊಂಡು ಹೊರಟುಹೋಗುತ್ತದೆ. ಮೂರನೆಯ ಬಾಗಿಲು ಎಂದೂ ತೆರೆಯುವುದಿಲ್ಲ. ಅವರು ತಪ್ಪನ್ನು ತಿಳಿಸಲಿಲ್ಲ. ಧನ್ಯವಾದ ಹೇಳಿ ಕಳುಹಿಸಿಬಿಟ್ಟರು. ಅಂದಿನ ಚಹಾದ ವೇಳೆಗೆ 'ಹದಿನೈದು ಬಾರದ ಅಭ್ಯರ್ಥಿ'ಯ ಕಥೆ ಸಿದ್ಧವಾಗಿತ್ತು. ಆಕೆ ಬೋರ್ಡಿನ ಮುಂದೆ ನಿಂತ ಭಂಗಿ, ಕೈಯಲ್ಲಿ ನಡುಗಿದ ಮಾರ್ಕರ್, ಎಲ್ಲವೂ ಅಭಿನಯ ಸಮೇತ. ಕಚೇರಿಯಲ್ಲಿ ಯಾರು ತಪ್ಪು ಮಾಡಿದರೂ "ಇವರಿಗೂ ಹದಿನೈದು ಬರಲಿಲ್ಲ" ಎನ್ನುವುದು ವಾಡಿಕೆಯಾಯಿತು.

ವರ್ಷಗಳು ಕಳೆದವು. ಔಷಧಿ ಮಾರಾಟದ ಗ್ರಾಹಕ ಸಂಸ್ಥೆಯೊಂದಕ್ಕೆ ಆ ಹಿರಿಯರು ರಿಯಾಯಿತಿಯ ಲೆಕ್ಕವನ್ನು ಬರೆದುಕೊಟ್ಟರು. ಅರುವತ್ತು ದಾಟಿದವರಿಗೆ ಒಂದು ರಿಯಾಯಿತಿ. ದೀರ್ಘಕಾಲದ ಕಾಯಿಲೆಗೆ ತಿಂಗಳು ತಿಂಗಳು ಔಷಧಿ ಕೊಳ್ಳುವವರಿಗೆ ಇನ್ನೊಂದು. ವೃದ್ಧರೂ ರೋಗಿಗಳೂ ಆದವರಿಗೆ ಎಲ್ಲಕ್ಕಿಂತ ಹೆಚ್ಚಿನದು. ಬಿಡುಗಡೆಯಾಗಿ ಮೂರು ವಾರಗಳಾಗಿದ್ದವು. ಒಂದು ಸಂಜೆ, ಪಕ್ಕದ ತಂಡಕ್ಕೆ ಗುತ್ತಿಗೆಯ ಮೇಲೆ ಬಂದು ಬಳಿಕ ಕಾಯಂ ಆಗಿದ್ದ ಉದ್ಯೋಗಿಯೊಬ್ಬಳು ಎಲ್ಲರೂ ಹೊರಡುವವರೆಗೆ ಕಾದಿದ್ದು ಅವರ ಮೇಜಿನ ಬಳಿಗೆ ಬಂದಳು.

"ಸರ್, ಒಂದು ನಿಮಿಷ. ರಿಯಾಯಿತಿಯ ಲೆಕ್ಕದಲ್ಲಿ ಹದಿನೈದು ಬರುವುದಿಲ್ಲ."

ಅವರು ಪರದೆಯನ್ನು ನೋಡಿದರು. ಮೊದಲು ವಯಸ್ಸು, 'ಇಲ್ಲವಾದರೆ' ಕಾಯಿಲೆ, 'ಅದೂ ಇಲ್ಲವಾದರೆ' ಎರಡೂ. ಯಾರಿಗೆ ಹೆಚ್ಚು ಸಲ್ಲಬೇಕಿತ್ತೋ ಅವರನ್ನೇ ಆ ಲೆಕ್ಕ ಮೂರು ವಾರಗಳಿಂದ ಮೊದಲ ಬಾಗಿಲಿನಿಂದಲೇ ಕಳುಹಿಸಿಬಿಡುತ್ತಿತ್ತು. ಸ್ವಲ್ಪ ಹೊತ್ತು ಅವರ ಬಾಯಿಂದ ಮಾತು ಹೊರಡಲಿಲ್ಲ.

"ಆ ಕಥೆ ನಿಮಗೂ ಗೊತ್ತೇ?" ಎಂದರು ಕೊನೆಗೆ.

"ಅದನ್ನು ಬರೆದವಳು ನಾನೇ ಸರ್."

ಅವರು ಆಕೆಯ ಮುಖವನ್ನು ಆಗ ಮೊದಲ ಬಾರಿಗೆ ಎಂಬಂತೆ ನೋಡಿದರು. ತನ್ನ ಅಭಿನಯದಲ್ಲಿ ನೂರು ಸಲ ಬಂದುಹೋದ ಆ ಮುಖದ ನೆನಪೇ ಅವರಿಗೆ ಇರಲಿಲ್ಲ. ಅಂದು ಆಕೆ ಚಳ್ಳಕೆರೆಯ ಕಡೆಯಿಂದ ರಾತ್ರಿ ಬಸ್ಸಿನಲ್ಲಿ ಬಂದು, ಮೆಜೆಸ್ಟಿಕ್‌ನಲ್ಲಿ ಮುಖ ತೊಳೆದುಕೊಂಡು ನೇರವಾಗಿ ಸಂದರ್ಶನಕ್ಕೆ ನಿಂತಿದ್ದಳು. ಬಸ್ ನಿಲ್ದಾಣಕ್ಕೆ ಮರಳುವ ಮೊದಲೇ ತಪ್ಪು ಎಲ್ಲಿದೆಯೆಂದು ತಾನಾಗಿಯೇ ತಿಳಿದುಕೊಂಡಿದ್ದಳು. ಹೇಳಲು ಎದುರಿಗೆ ಯಾರೂ ಇರಲಿಲ್ಲ.

"ನಾನು ಆ ಕಥೆ ಹೇಳುವಾಗ ನೀವೂ ಅಲ್ಲಿ ಇರುತ್ತಿದ್ದಿರಿ. ನೀವೂ ನಕ್ಕದ್ದನ್ನು ಕಂಡಿದ್ದೇನೆ."

"ನಗದಿದ್ದರೆ ಅದು ನಾನೇ ಎಂದು ಎಲ್ಲರಿಗೂ ತಿಳಿದುಬಿಡುತ್ತಿತ್ತಲ್ಲ ಸರ್."

ಈ ಮಾತಿನಲ್ಲಿ ಕಹಿಯಿರಲಿಲ್ಲ. ಆದ್ದರಿಂದಲೇ ಅದು ಅವರನ್ನು ಹೆಚ್ಚು ಇರಿಯಿತು. ಅವರು ಕ್ಷಮೆ ಕೇಳಿದರು. ಆಕೆ ತಲೆಯಾಡಿಸಿ, "ಮುಂದೆ ಬರುವವರಿಗೆ ಬರೆದದ್ದನ್ನು ಒಮ್ಮೆ ಓದಿ ನೋಡಲು ಬಿಡುವು ಕೊಡಿ ಸರ್, ಅಷ್ಟು ಸಾಕು" ಎಂದಳು.

ಮರುದಿನದ ಸಭೆಯಲ್ಲಿ ಅವರು ತಮ್ಮ ತಪ್ಪನ್ನು ತಾವೇ ಮುಂದಿಟ್ಟರು. ಯಾರೂ ನಗಲಿಲ್ಲ. "ಇಂಥದ್ದು ಯಾರಿಗಾದರೂ ಆಗುತ್ತದೆ ಸರ್", "ಕೆಲಸದ ಒತ್ತಡ ಹಾಗಿತ್ತು" ಎಂದು ಒಬ್ಬೊಬ್ಬರೂ ಸಾಂತ್ವನ ಹೇಳಿದರು. ಇಪ್ಪತ್ತು ವರ್ಷಗಳ ಅನುಭವ, ಪರೀಕ್ಷಿಸಲು ವಾರಗಳ ಅವಕಾಶ, ಸಹಾಯಕ್ಕೆ ಒಂದು ತಂಡ, ಇಷ್ಟೆಲ್ಲ ಇದ್ದು ಮಾಡಿದ ತಪ್ಪಿಗೆ ಸಾಂತ್ವನ. ನಿದ್ರೆಗೆಟ್ಟು ಬಂದು, ಅಪರಿಚಿತರ ಮುಂದೆ, ಕೆಲವೇ ನಿಮಿಷಗಳಲ್ಲಿ ಮಾಡಿದ ಅದೇ ತಪ್ಪಿಗೆ ವರ್ಷಗಟ್ಟಲೆಯ ನಗೆ. ಈ ಎರಡನ್ನೂ ಅವರು ಸಭೆಯಲ್ಲಿ ಒಟ್ಟಿಗೆ ಇಟ್ಟು ತೋರಿಸಿದರು. ಆಕೆಯ ಹೆಸರನ್ನು ಹೇಳಲಿಲ್ಲ. ಆಕೆ ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಟಿಪ್ಪಣಿ ಬರೆದುಕೊಳ್ಳುತ್ತಿದ್ದಳು. ಗ್ರಾಹಕ ಸಂಸ್ಥೆ ವೃದ್ಧ ರೋಗಿಗಳಿಗೆ ಸಲ್ಲಬೇಕಾದ ಹಣವನ್ನು ಹುಡುಕಿ ಹುಡುಕಿ ಹಿಂದಿರುಗಿಸಿತು.

ವರ್ಷಗಳ ನಗೆಯನ್ನು ಹಿಂದಿರುಗಿಸುವ ಅಂಥ ಲೆಕ್ಕವಿಲ್ಲ. ಹಾಸ್ಯದಲ್ಲಿ ದ್ವೇಷವಿರಲಿಲ್ಲವೆಂಬುದು ನಿಜ. ಆದರೆ ದ್ವೇಷವಿಲ್ಲದಿರುವುದೇ ಅಹಿಂಸೆಗೆ ಸಾಲದು, ಗಮನವೂ ಬೇಕು. ತಪ್ಪು ಯಾರದೆಂಬುದನ್ನು ಮರೆತವನು ಅದನ್ನು ನಿರಾತಂಕವಾಗಿ ಹೇಳುತ್ತಾ ಹೋಗಬಲ್ಲ; ತಪ್ಪು ಮಾಡಿದವರಿಗೆ ಮರೆಯುವ ಸೌಕರ್ಯವಿಲ್ಲ.

ಚಹಾದ ವೇಳೆಯ ನಗೆ ಆ ಕಚೇರಿಯಲ್ಲಿ ನಿಂತಿಲ್ಲ. ಪಾರಿವಾಳಗಳು ಈಗಲೂ ಹಾರುತ್ತವೆ. 'ಹದಿನೈದು' ಎಂಬ ಕಥೆ ಮಾತ್ರ ಕೇಳಿಬರುವುದಿಲ್ಲ. ಈಚೆಗೆ ಹುಡುಗನೊಬ್ಬ ಬೋರ್ಡಿನ ಮೇಲೆ ಅದೇ ಕ್ರಮದಲ್ಲಿ ಅದೇ ತಪ್ಪನ್ನು ಬರೆದನು. ಆ ಹಿರಿಯರು ನೀರಿನ ಲೋಟವನ್ನು ಅವನತ್ತ ಸರಿಸಿ, "ಅವಸರವಿಲ್ಲ. ಹದಿನೈದನ್ನು ಕೊಟ್ಟು ಒಮ್ಮೆ ನಡೆಸಿ ನೋಡಿ" ಎಂದರು. ಹುಡುಗ ಬೆರಳಿಟ್ಟು ಸಾಲು ಸಾಲಾಗಿ ಓದಿದನು, ಮೊದಲ ಸಾಲಿನಲ್ಲಿಯೇ ನಿಂತನು, ತಟ್ಟನೆ ತಲೆಯ ಮೇಲೆ ಕೈಯಿಟ್ಟುಕೊಂಡು ನಕ್ಕನು. ಅಳಿಸಿ, ಮೂರನೆಯ ಸಾಲನ್ನು ಮೊದಲಿಗೆ ತಂದು ಬರೆದನು.