ಲೋಪವೂ ಅಭಾವವೂ

ತಿಳಿದುದನ್ನೆಲ್ಲ ಹೇಳುವುದು ಸುಲಭ. ತಿಳಿದುದರಲ್ಲಿ ಯಾವುದನ್ನು ಬಿಡಬಹುದೆಂದು ಅರಿಯುವುದು ಕಷ್ಟ. ಪ್ರಾಚೀನ ಸೂತ್ರಕಾರರ ಹಿರಿಮೆಯು ಬಹುಮಟ್ಟಿಗೆ ಈ ಬಿಡುವ ವಿದ್ಯೆಯಲ್ಲಿಯೇ ಅಡಗಿದೆ. ಇಂತಹ ಲಾಘವದ ಹಂಬಲವು ಸಂಖ್ಯಾಶಾಸ್ತ್ರಜ್ಞರಿಗೂ ಬಹುಕಾಲದಿಂದ ಇದ್ದಿತು. ಅದನ್ನು ಈಡೇರಿಸುವ ಒಂದು ಗಣನಕ್ರಮವನ್ನು ೧೯೯೬ರಲ್ಲಿ ರಾಬರ್ಟ್ ಟಿಬ್ಶಿರಾನಿ ಎಂಬ ವಿದ್ವಾಂಸರು ಪ್ರಕಟಿಸಿ ಅದಕ್ಕೆ ‘ಲ್ಯಾಸೊ’ ಎಂದು ಹೆಸರಿಟ್ಟರು. ಇದು ಆಂಗ್ಲಭಾಷೆಯ ಕೆಲವು ಪದಗಳ ಮೊದಲಕ್ಷರಗಳಿಂದ ಕೂಡಿದ ಹೆಸರು. ಆದರೆ ಅಮೆರಿಕದ ದನಗಾಹಿಗಳು ಓಡುವ ದನವನ್ನು ಹಿಡಿಯಲು ಬೀಸುವ ಕುಣಿಕೆಹಗ್ಗಕ್ಕೂ ಇದೇ ಹೆಸರುಂಟು. ಇಂದು ಗಣಕಯಂತ್ರದ ತಂತ್ರಾಂಶಗಳಲ್ಲಿ ಈ ಕುಣಿಕೆಯನ್ನು ಒಂದೇ ಸಾಲಿನ ಆಜ್ಞೆಯಿಂದ ಬೀಸಬಹುದಾಗಿದೆ. ಸುಲಭವಾದುದರಿಂದಲೇ ಅದರಲ್ಲಿ ಅಪಾಯವೂ ಹೆಚ್ಚು. ಬೀಸಲರಿಯದವನು ದನವನ್ನು ಬಿಟ್ಟು ತನ್ನ ಕಾಲನ್ನೇ ಬಿಗಿದುಕೊಳ್ಳುವುದುಂಟು.

ಹಲವು ಅಳತೆಗಳ ಬಲದಿಂದ ಇನ್ನೊಂದು ಅಳತೆಯನ್ನು ಅಂದಾಜುಮಾಡುವ ಗಣಿತಕ್ಕೆ ರಿಗ್ರೆಷನ್ ಎಂದು ಹೆಸರು. ಇಲ್ಲಿ ಪ್ರತಿಯೊಂದು ಅಳತೆಗೂ ಅದರ ಬಲವನ್ನು ಸೂಚಿಸುವ ಒಂದು ಗುಣಾಂಕವಿರುತ್ತದೆ. ಅಂದಾಜಿಗೂ ನಿಜಕ್ಕೂ ಇರುವ ಅಂತರಗಳನ್ನು ವರ್ಗಮಾಡಿ ಕೂಡಿಸಿದಾಗ ಬರುವ ಮೊತ್ತವು ಆದಷ್ಟು ಕಿರಿದಾಗುವಂತೆ ಗುಣಾಂಕಗಳನ್ನು ಗೊತ್ತುಮಾಡುವ ಕ್ರಮವನ್ನು ಫ್ರಾನ್ಸಿನ ಲೆಜಾಂಡ್ರನು ೧೮೦೫ರಲ್ಲಿಯೇ ಪ್ರಕಟಿಸಿದ್ದನು. ಆದರೆ ಆ ಕ್ರಮವು ಪಾತ್ರಾಪಾತ್ರವನ್ನೆಣಿಸದ ದಾನಿಯಂತೆ. ಬಾಗಿಲಿಗೆ ಬಂದವರಿಗೆಲ್ಲ ಏನನ್ನಾದರೂ ಕೊಟ್ಟೇ ಕಳುಹಿಸುತ್ತದೆ. ಅಳತೆಗಳು ಹೆಚ್ಚಾಗಿ ನಿದರ್ಶನಗಳು ಕಡಮೆಯಾದಲ್ಲಿ ಅದು ಆಕಸ್ಮಿಕವನ್ನೂ ನಿಯಮವೆಂದು ಭ್ರಮಿಸುತ್ತದೆ. ೧೯೭೦ರಲ್ಲಿ ಹೋರ್ಲ್ ಮತ್ತು ಕೆನ್ನಾರ್ಡ್ ಎಂಬವರು ‘ರಿಡ್ಜ್’ ಎಂಬ ಕ್ರಮವನ್ನು ತಂದು, ಗುಣಾಂಕಗಳ ವರ್ಗಗಳ ಮೇಲೆ ದಂಡವನ್ನು ವಿಧಿಸಿದರು. ಗುಣಾಂಕಗಳು ಕುಗ್ಗಿದವು, ಸೊನ್ನೆಯಾಗಲಿಲ್ಲ. ಟಿಬ್ಶಿರಾನಿಯವರು ವರ್ಗವನ್ನು ಕೈಬಿಟ್ಟು, ಧನ ಋಣಗಳ ಭೇದವನ್ನೆಣಿಸದೆ ಗುಣಾಂಕದ ಪರಿಮಾಣಕ್ಕೇ ದಂಡ ಹಾಕಿದರು. ದಂಡವನ್ನು ತೆರಲಾರದ ಗುಣಾಂಕಗಳು ಆಗ ನಿಶ್ಶೇಷವಾಗಿ ಸೊನ್ನೆಯಾದವು. ಇದರಲ್ಲಿ ಕುಗ್ಗಿಸುವಿಕೆ ಆರಿಸುವಿಕೆಗಳೆರಡೂ ಒಮ್ಮೆಗೇ ನಡೆಯುತ್ತವೆ.

ಈ ಕ್ರಮವನ್ನು ವಿವರಿಸಲು ಟಿಬ್ಶಿರಾನಿಯವರೇ ಬಳಸಿದ ಒಂದು ನಿದರ್ಶನವು ಇಂದಿಗೂ ವಿದ್ಯಾರ್ಥಿಗಳ ಮೊದಲ ಪಾಠವಾಗಿದೆ. ಪ್ರಾಸ್ಟೇಟ್ ಗ್ರಂಥಿಯ ಅರ್ಬುದರೋಗಕ್ಕಾಗಿ ಶಸ್ತ್ರಚಿಕಿತ್ಸೆಗೆ ಒಳಗಾಗಲಿದ್ದ ೯೭ ಮಂದಿ ಪುರುಷರ ಅಂಕಿಗಳವು. ಸ್ಟೇಮಿ ಮೊದಲಾದ ವೈದ್ಯರ ೧೯೮೯ರ ಅಧ್ಯಯನದಿಂದ ಬಂದವು. ಗೆಡ್ಡೆಯ ಗಾತ್ರ, ಗ್ರಂಥಿಯ ತೂಕ, ರೋಗಿಯ ವಯಸ್ಸು ಮೊದಲಾದ ಎಂಟು ಅಳತೆಗಳಿಂದ ರಕ್ತದಲ್ಲಿಯ ಪಿ.ಎಸ್.ಎ. ಎಂಬ ದ್ರವ್ಯದ ಪ್ರಮಾಣವನ್ನು, ಅದರ ಲಾಗರಿತಮ್ಮಿನ ರೂಪದಲ್ಲಿ, ಅಂದಾಜುಮಾಡುವುದೇ ಇಲ್ಲಿಯ ಸಮಸ್ಯೆ. ಹೊಸದಾಗಿ ಈ ವಿದ್ಯೆಗೆ ಕೈಯಿಟ್ಟ ಅಭ್ಯಾಸಿಯೊಬ್ಬನು ಇದನ್ನು ಎದುರಿಗಿಟ್ಟುಕೊಂಡು ಕುಳಿತನೆಂದರೆ, ಅವನಿಗೆ ಒದಗುವ ತೊಡಕುಗಳು ಹೆಚ್ಚುಕಡಮೆ ಒಂದೇ ಬಗೆಯವು.

ಪೈಥಾನ್ ಭಾಷೆಯ ‘ಸೈಕಿಟ್-ಲರ್ನ್’ ಎಂಬ ತಂತ್ರಾಂಶದಲ್ಲಿ ಅವನು ಅಳತೆಗಳನ್ನೆಲ್ಲ ಸಮಮಾನಕ್ಕೆ ತಂದು, ಬೇರೇನನ್ನೂ ಗೊತ್ತುಮಾಡದೆ ಲ್ಯಾಸೊವನ್ನು ನಡೆಸಿದನೆನ್ನೋಣ. ಎಂಟು ಗುಣಾಂಕಗಳೂ ಸೊನ್ನೆಯೆಂದು ಉತ್ತರ ಬರುತ್ತದೆ. ಗೆಡ್ಡೆಯ ಗಾತ್ರಕ್ಕೂ ಪಿ.ಎಸ್.ಎ.ಗೂ ನಂಟೇ ಇಲ್ಲವೆಂದರೆ ವೈದ್ಯರು ನಕ್ಕಾರು! ಇಲ್ಲಿ ಕೆಟ್ಟುದು ಅಂಕಿಗಳಲ್ಲ, ದಂಡದ ಪ್ರಮಾಣ. ಹೇಳದಿದ್ದರೆ ಆ ತಂತ್ರಾಂಶವು ದಂಡವನ್ನು ೧ ಎಂದು ಹಿಡಿಯುತ್ತದೆ. ಈ ೯೭ ಮಂದಿಯ ಅಂಕಿಗಳಲ್ಲಾದರೋ ದಂಡವು ಸುಮಾರು ೦.೮೪ನ್ನು ದಾಟಿತೆಂದರೆ ಯಾವ ಅಳತೆಯೂ ಉಳಿಯಲಾರದು. ಇದರ ಮೇಲೆ ಹೆಸರಿನ ಗೊಂದಲ ಬೇರೆ. ಆ ತಂತ್ರಾಂಶವು ದಂಡದ ಪ್ರಮಾಣವನ್ನು ‘ಆಲ್ಫಾ’ ಎನ್ನುತ್ತದೆ. ‘ಆರ್’ ಭಾಷೆಯ ‘ಜಿಎಲ್‌ಎಂನೆಟ್’ ಅದನ್ನು ‘ಲ್ಯಾಂಬ್ಡಾ’ ಎಂದು ಕರೆದು, ಆಲ್ಫಾ ಎಂಬ ಹೆಸರನ್ನು ಬೇರೊಂದಕ್ಕೆ ಮೀಸಲಿಟ್ಟಿದೆ: ಅಲ್ಲಿ ಆಲ್ಫಾ ೧ ಆದರೆ ಲ್ಯಾಸೊ, ೦ ಆದರೆ ರಿಡ್ಜ್. ಒಂದರ ಪಾಠವನ್ನು ಓದಿ ಇನ್ನೊಂದರಲ್ಲಿ ಕೆಲಸಮಾಡುವವನು, ಒಂದೇ ಪದಕ್ಕೆ ಎರಡು ಶಾಸ್ತ್ರಗಳಲ್ಲಿ ಎರಡು ಅರ್ಥಗಳಿರುವುದನ್ನು ಮರೆತ ವಿದ್ಯಾರ್ಥಿಯಂತೆ ದಾರಿತಪ್ಪುತ್ತಾನೆ.

ಎರಡನೆಯದು ಮಾನದ ತೊಡಕು. ವಯಸ್ಸನ್ನು ವರ್ಷಗಳಿಗೆ ಬದಲಾಗಿ ತಿಂಗಳುಗಳಲ್ಲಿ ಬರೆದರೆ ಅದರ ಗುಣಾಂಕವು ಹನ್ನೆರಡರಲ್ಲೊಂದು ಭಾಗವಾಗುತ್ತದೆ. ಅದು ತೆರಬೇಕಾದ ದಂಡವೂ ಅಷ್ಟಕ್ಕೇ ಇಳಿಯುತ್ತದೆ. ಹೊರಗೆ ನಿಂತಿದ್ದ ವಯಸ್ಸು ಈಗ ಒಳಗೆ ಬರಬಹುದು. ರೋಗಿಗಳ ಆಯುಸ್ಸಿನಲ್ಲಿ ಒಂದು ದಿನವೂ ಹೆಚ್ಚುಕಡಮೆಯಾಗಿಲ್ಲ. ಬದಲಾದುದು ಬರೆದ ರೀತಿಯೊಂದೇ. ಆದುದರಿಂದ ದಂಡವನ್ನು ಹಾಕುವ ಮೊದಲು ಎಲ್ಲ ಅಳತೆಗಳನ್ನೂ ಒಂದೇ ಮಾನಕ್ಕೆ ತರತಕ್ಕದ್ದು. ಜಿಎಲ್‌ಎಂನೆಟ್ಟು ಹೇಳದೆಯೇ ಹಾಗೆ ಮಾಡಿ, ಉತ್ತರವನ್ನು ಮಾತ್ರ ಮೂಲಮಾನದಲ್ಲಿ ಕೊಡುತ್ತದೆ. ಸೈಕಿಟ್-ಲರ್ನಿನಲ್ಲಿ ಆ ಹೊಣೆಯು ಬಳಸುವವನದೇ. ಒಂದೇ ಅಂಕಿಗಳಿಗೆ ಎರಡು ತಂತ್ರಾಂಶಗಳು ಬೇರೆ ಬೇರೆ ಉತ್ತರ ಕೊಟ್ಟಾಗ ಮೊದಲು ನೋಡಬೇಕಾದುದು ಇದನ್ನೇ.

ಮೂರನೆಯದು, ಇಂದು ಬಂದ ಉತ್ತರ ನಾಳೆ ಬಾರದಿರುವುದು. ದಂಡವೆಷ್ಟಿರಬೇಕೆಂಬುದನ್ನು ಗೊತ್ತುಮಾಡಲು ಯಂತ್ರವು ನಿದರ್ಶನಗಳನ್ನು ಸಾಮಾನ್ಯವಾಗಿ ಹತ್ತು ಪಾಲುಮಾಡಿ, ಒಂಬತ್ತರಿಂದ ಕಲಿತು ಹತ್ತನೆಯದರಲ್ಲಿ ತನ್ನನ್ನು ಪರೀಕ್ಷಿಸಿಕೊಳ್ಳುತ್ತದೆ. ಪ್ರತಿಯೊಂದು ಪಾಲಿಗೂ ಈ ಸರದಿ ಬರುತ್ತದೆ. ಪಾಲುಮಾಡುವುದಾದರೋ ಚೀಟಿಯೆತ್ತುವಂತೆ ಯದೃಚ್ಛೆಯಿಂದ. ೯೭ ಮಂದಿಯನ್ನು ಹಂಚಿದರೆ ಒಂದೊಂದು ಪಾಲಿಗೆ ಹತ್ತು ಜನವೂ ಪೂರ್ತಿಯಾಗಿ ಬಾರದು. ಚೀಟಿ ಬದಲಾದರೆ ದಂಡವೂ, ದಂಡ ಬದಲಾದರೆ ಆಯ್ಕೆಯೂ ಬದಲಾಗುವುದು ಸಹಜವೇ. ಯದೃಚ್ಛೆಗೆ ಒಂದು ಬೀಜಸಂಖ್ಯೆಯನ್ನು ಕೊಟ್ಟರೆ ಪ್ರತಿಸಲವೂ ಒಂದೇ ಉತ್ತರ ಬರುತ್ತದೆ. ಅಭ್ಯಾಸಿಯ ಮನಸ್ಸೂ ನೆಮ್ಮದಿಗೊಳ್ಳುತ್ತದೆ. ಆದರೆ ಇದರಿಂದ ಉತ್ತರವು ಪುನಃ ಪುನಃ ಬರುವುದೇ ಹೊರತು ಸ್ಥಿರವಾಗುವುದಿಲ್ಲ. ಸ್ಥೈರ್ಯವನ್ನು ಅರಿಯಬೇಕಾದರೆ ಬೀಜವನ್ನು ಹಲವು ಸಲ ಬದಲಿಸಿ, ಯಾವ ಅಳತೆಯು ಎಷ್ಟು ಸಲ ಉಳಿಯಿತೆಂದು ಎಣಿಸಬೇಕು.

ಇವೆಲ್ಲವೂ ಯಂತ್ರದ ಬಳಿ ಸರಿಪಡಿಸಬಹುದಾದ ತೊಡಕುಗಳು. ಕೊನೆಯದು ಮಾತ್ರ ಉತ್ತರವನ್ನು ಓದುವವನ ಮನಸ್ಸಿನಲ್ಲಿರುವುದು. ಹೇಸ್ಟಿ, ಟಿಬ್ಶಿರಾನಿ, ಫ್ರೀಡ್‌ಮನ್ ಈ ಮೂವರು ಬರೆದ ಪ್ರಸಿದ್ಧ ಪಠ್ಯಗ್ರಂಥದಲ್ಲಿ ಇದೇ ಅಂಕಿಗಳನ್ನು ೬೭ ಮತ್ತು ೩೦ ಎಂದು ಎರಡಾಗಿ ಒಡೆದು, ಮೊದಲನೆಯದರಿಂದ ಕಲಿತು ಎರಡನೆಯದರಲ್ಲಿ ಪರೀಕ್ಷಿಸಿದ್ದಾರೆ. ಲೆಜಾಂಡ್ರನ ಕ್ರಮದಲ್ಲಿ ತಪ್ಪಿನ ಪ್ರಮಾಣ ೦.೫೨೧, ಲ್ಯಾಸೊವಿನಲ್ಲಿ ೦.೪೭೯. ಎಂಟರಲ್ಲಿ ನಾಲ್ಕೇ ಅಳತೆಗಳು ಉಳಿದುವು. ಆದರೂ ಅಂದಾಜು ಉತ್ತಮವಾಯಿತು. ಹೊರಬಿದ್ದ ನಾಲ್ಕರಲ್ಲಿ ವಯಸ್ಸೂ ಒಂದು; ರೋಗದ ಉಗ್ರತೆಯನ್ನು ಸೂಚಿಸುವ ಗ್ಲೀಸನ್ ಅಂಕವೂ ಒಂದು.

ಹಾಗಾದರೆ ಗ್ಲೀಸನ್ ಅಂಕವು ನಿರರ್ಥಕವೆನ್ನಬಹುದೆ? ಪಾಣಿನಿಯು ಲೋಪವನ್ನು ಕಾಣಿಸದಿರುವಿಕೆಯೆಂದು ವಿವರಿಸಿದನೇ ಹೊರತು ಇಲ್ಲದಿರುವಿಕೆಯೆಂದು ವಿವರಿಸಲಿಲ್ಲ. ಪ್ರತ್ಯಯವು ಲೋಪವಾದರೂ ಅದರ ನಿಮಿತ್ತವಾಗಿ ನಡೆಯಬೇಕಾದ ಕಾರ್ಯವು ನಡೆಯುವುದೆಂದು ಮುಂದೆ ಬೇರೆಯಾಗಿಯೇ ವಿಧಿಸಿದನು. ಲ್ಯಾಸೊವಿನ ಸೊನ್ನೆಯೂ ಇಂತಹ ಲೋಪ, ಅಭಾವವಲ್ಲ. ಪರಸ್ಪರ ನಂಟುಳ್ಳ ಎರಡು ಅಳತೆಗಳು ಎದುರಾದಾಗ ಈ ಕ್ರಮವು ಬಹುವೇಳೆ ಒಂದನ್ನು ಹಿಡಿದು ಇನ್ನೊಂದನ್ನು ಬಿಡುತ್ತದೆ. ಬಿಟ್ಟುದು ಸುಳ್ಳೆಂದಲ್ಲ, ಅದು ಹೇಳಬೇಕಾದುದರ ಬಹುಭಾಗವನ್ನು ಜೊತೆಯವರು ಆಗಲೇ ಹೇಳಿ ಮುಗಿಸಿದ್ದಾರೆಂದು. ನಂಟರನ್ನು ಒಟ್ಟಿಗೆ ಉಳಿಸಿಕೊಳ್ಳುವ ಉದ್ದೇಶದಿಂದಲೇ ಝೌ ಮತ್ತು ಹೇಸ್ಟಿ ಎಂಬವರು ೨೦೦೫ರಲ್ಲಿ ಎರಡು ದಂಡಗಳನ್ನೂ ಬೆರೆಸಿ ‘ಇಲಾಸ್ಟಿಕ್ ನೆಟ್’ ಎಂಬ ಕ್ರಮವನ್ನು ಪ್ರಕಟಿಸಿದರು.

ಈ ಭೇದವು ಪಂಡಿತರ ಚರ್ಚೆಗಷ್ಟೇ ಸೇರಿದುದಲ್ಲ. ಪಟ್ಟಿಯಲ್ಲಿರುವ ೯೭ ಸಾಲುಗಳೂ ಒಂದು ಕಾಲದಲ್ಲಿ ವೈದ್ಯನೆದುರು ಭಯದಿಂದ ಕುಳಿತಿದ್ದ ಮನುಷ್ಯರು. ಪಿ.ಎಸ್.ಎ.ಯನ್ನು ಊಹಿಸಲು ಬೇಡವಾದ ಅಳತೆಯು, ರೋಗಿಯ ಚಿಕಿತ್ಸೆಯನ್ನು ನಿರ್ಣಯಿಸಲು ಅತ್ಯಗತ್ಯವಾಗಿರಬಹುದು. ಯಂತ್ರಕ್ಕೆ ಕೇಳಿದುದು ಮೊದಲನೆಯ ಪ್ರಶ್ನೆ. ಅದರ ಉತ್ತರವನ್ನು ಎರಡನೆಯದಕ್ಕೆ ಹಚ್ಚಿ, ‘ಗಣಿತವೇ ಹೇಳಿದೆ, ಈ ಪರೀಕ್ಷೆ ಬೇಡ’ ಎಂದು ಯಾರಾದರೂ ತೀರ್ಮಾನಿಸಿದರೆ, ಅದರ ಫಲವನ್ನು ಉಣ್ಣುವವನು ಲೆಕ್ಕ ಮಾಡಿದವನಲ್ಲ. ಆದುದರಿಂದ ಈ ಕ್ರಮವನ್ನು ಬಳಸುವವನು, ಉಳಿದ ಅಳತೆಗಳನ್ನು ತಿಳಿಸುವಾಗ ಬಿಟ್ಟವುಗಳ ಹೆಸರನ್ನೂ, ದಂಡದ ಪ್ರಮಾಣವನ್ನೂ, ಮಾನವನ್ನೂ, ಬೀಜಸಂಖ್ಯೆಯನ್ನೂ ಜೊತೆಗೆ ಬರೆದಿಡಬೇಕು. ಓದುವವನಾದರೂ ಸೊನ್ನೆಯನ್ನು ಕಂಡಲ್ಲಿ, ಯಾವ ಪ್ರಶ್ನೆಗೆ ಇದು ಉತ್ತರವೆಂದು ಕೇಳಿ ತಿಳಿದ ಮೇಲೆಯೇ ಮುಂದಿನ ಸಾಲಿಗೆ ಹೋಗಬೇಕು.